ಕರಾಚಿಯಿಂದ ಮದ್ರಾಸಿಗೆ, ಬಳ್ಳಾರಿ ಮಾರ್ಗವಾಗಿ

ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ಸಾಕು, ನಡುವಿನ ದೂರವನ್ನೂ ಹಾರಾಟದ ಸಮಯವನ್ನೂ ಕ್ಷಣದಲ್ಲಿ ಹೇಳುವ ಲೆಕ್ಕಯಂತ್ರಗಳು ಈಗ ಎಲ್ಲರ ಫೋನಿನಲ್ಲೂ ಇವೆ. ಒಂದು ರಾತ್ರಿ ಅಂಥದ್ದರಲ್ಲಿ ನಾನು ಕರಾಚಿ ಮತ್ತು ಚೆನ್ನೈ ಎಂದು ಒತ್ತಿದೆ. ಸುಮಾರು 1,900 ಕಿಲೋಮೀಟರ್, ಮೂರು ಗಂಟೆಗಿಂತ ಸ್ವಲ್ಪ ಕಡಿಮೆ ಎಂಬ ಉತ್ತರ ಬಂತು. ಭೂಮಿಯ ಗೋಳದ ಮೇಲೆ ಈ ಊರಿನಿಂದ ಆ ಊರಿಗೆ ಒಂದು ದಾರ ಬಿಗಿದು ಎಳೆದರೆ ಎಷ್ಟು ಉದ್ದವಾಗುತ್ತದೋ ಅದೇ ದೂರ. ಅದನ್ನು ಜೆಟ್ ವಿಮಾನದ ಸರಾಸರಿ ವೇಗದಿಂದ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಅರ್ಧ ಗಂಟೆ ಸೇರಿಸಿದರೆ ಅದೇ ಸಮಯ. ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೆ ಆ ಮೂರು ಗಂಟೆಯ ವಿಮಾನ ಮಾತ್ರ ಎಲ್ಲೂ ಇಲ್ಲ.

ನಾನು ಈ ಹುಡುಕಾಟಕ್ಕೆ ಬಿದ್ದದ್ದು ಒಬ್ಬ ಗೆಳತಿಯ ಪ್ರಶ್ನೆಯಿಂದ. ನನ್ನ ಪಿಎಚ್.ಡಿ. ಸಂಶೋಧನೆ ದತ್ತ ಮಂಡಲದ, ಅಂದರೆ 1800ರಲ್ಲಿ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಜಿಲ್ಲೆಗಳ, ರಸ್ತೆ, ರೈಲು, ಟಪಾಲುಗಳ ಮೇಲೆ. ಆಕೆ ಕರಾಚಿಯವಳು, ಅಲ್ಲಿನ ಬಂದರು ಮತ್ತು ವಿಮಾನ ನಿಲ್ದಾಣದ ಚರಿತ್ರೆಯ ಮೇಲೆ ಕೆಲಸ ಮಾಡುತ್ತಿದ್ದಾಳೆ. ಒಂದು ಆನ್‌ಲೈನ್ ವಿಚಾರ ಸಂಕಿರಣದಲ್ಲಿ ನನ್ನ ಪ್ರಬಂಧದಲ್ಲಿ ಬಳ್ಳಾರಿ ಎಂಬ ಹೆಸರು ಕೇಳಿದ್ದೇ, ಮುಗಿದ ಮೇಲೆ ಆಕೆ ನನಗೆ ಒಂದು ಚಿತ್ರ ಕಳಿಸಿದಳು. ಅದು ಅವಳ ಅಜ್ಜನ ಸಂಗ್ರಹದಲ್ಲಿದ್ದ ಹಳದಿಗಟ್ಟಿದ ಲಕೋಟೆ. ಮುಂದುಗಡೆ 1932ರ ಅಕ್ಟೋಬರ್ 15ರ ಕರಾಚಿಯ ಮುದ್ರೆ, ಹಿಂದುಗಡೆ ಮಾರನೆಯ ದಿನದ ಮದ್ರಾಸಿನ ಮುದ್ರೆ. ಅದರ ಜತೆಗೊಂದು ಪ್ರಶ್ನೆ: ಈ ಲಕೋಟೆ ನಿಮ್ಮ ಊರಿನ ಮೇಲೆ ಹಾದು ಹೋಗಿದೆಯಂತೆ, ನಿಮ್ಮ ಊರು ಇಲ್ಲಿಂದ ಎಷ್ಟು ದೂರ?

ನಮ್ಮ ಅಜ್ಜನನ್ನು ಹೀಗೆ ಯಾರಾದರೂ ಕೇಳಿದ್ದರೆ ಕಿಲೋಮೀಟರಿನಲ್ಲಿ ಹೇಳುತ್ತಿರಲಿಲ್ಲ. ಹೊಲ ಎಷ್ಟು ದೂರ ಅಂದರೆ ಎರಡು ಬೀಡಿ ದೂರ. ಪಕ್ಕದ ಹಳ್ಳಿ ಕೂಗಳತೆ. ಸಂತೆಯ ಊರು ಬೆಳಗಿನ ಬುತ್ತಿ ಕಟ್ಟಿಕೊಂಡು ಹೊರಟರೆ ಮಧ್ಯಾಹ್ನದ ಹೊತ್ತಿಗೆ. ಹರದಾರಿ, ಗಾವುದ ಎಂಬ ಅಳತೆಗಳು ಗೊತ್ತಿದ್ದರೂ ಮಾತಿನಲ್ಲಿ ದೂರವೆಂದರೆ ಸಮಯವೇ ಆಗಿತ್ತು. ಈ ಲಕೋಟೆಯ ದಾರಿಯನ್ನು ಹಿಂಬಾಲಿಸುತ್ತ ಹೋದ ಹಾಗೆ ಅಜ್ಜನ ಅಳತೆಯೇ ಹೆಚ್ಚು ಸರಿ ಅನ್ನಿಸತೊಡಗಿತು.

*

ಮೊದಲಿಗೆ ಆ ಕಾಲದಲ್ಲಿ ಕರಾಚಿ ಏನಾಗಿತ್ತು ಎಂಬುದನ್ನು ನೋಡಬೇಕು. 1929ರ ಮಾರ್ಚ್ 30ರಂದು ಇಂಪೀರಿಯಲ್ ಏರ್‌ವೇಸ್ ಲಂಡನ್ನಿನ ಕ್ರಾಯ್ಡನ್‌ನಿಂದ ಕರಾಚಿಗೆ ವಾರಕ್ಕೊಮ್ಮೆಯ ಸೇವೆ ಆರಂಭಿಸಿತು. ಪ್ರಯಾಣಕ್ಕೆ ಏಳು ದಿನ. ಹಡಗಿನ ಟಪಾಲಿಗೆ ಇದರ ಎರಡು ಪಟ್ಟು ಸಮಯ ಬೇಕಾಗುತ್ತಿದ್ದ ದಿನಗಳಲ್ಲಿ ಅದು ಪವಾಡವೇ ಸರಿ.

ಆದರೆ ಆ ಏಳು ದಿನವೂ ಜನ ವಿಮಾನದಲ್ಲಿ ಕೂತಿರಲಿಲ್ಲ. ಕ್ರಾಯ್ಡನ್‌ನಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ವರೆಗೆ ವಿಮಾನ. ಅಲ್ಲಿಂದ ಇಟಲಿಯ ಜಿನೋವಾವರೆಗೆ ರಾತ್ರಿ ರೈಲು. ಜಿನೋವಾದಿಂದ ಮೆಡಿಟರೇನಿಯನ್ ದಾಟಿ ಅಲೆಕ್ಸಾಂಡ್ರಿಯಾಕ್ಕೆ ನೀರಿನ ಮೇಲೆ ಇಳಿಯುವ ವಿಮಾನ. ಮತ್ತೆ ಈಜಿಪ್ಟಿನಿಂದ ಬಾಗ್ದಾದ್, ಬಸ್ರಾ, ಪರ್ಷಿಯಾದ ಕರಾವಳಿಯ ಬುಶೆಹರ್, ಲಿಂಗೆ, ಜಾಸ್ಕ್, ಆಮೇಲೆ ಗ್ವಾದರ್, ಕೊನೆಗೆ ಕರಾಚಿ. ಆಗಿನ ವಿಮಾನಗಳು ಒಂದೇ ಹಾರಿಕೆಗೆ ಹೆಚ್ಚು ದೂರ ಹೋಗಲಾರವು, ರಾತ್ರಿ ಹಾರುತ್ತಿರಲಿಲ್ಲ. ಹಾಗಾಗಿ ಆಕಾಶದ ದಾರಿಯೂ ಎತ್ತಿನ ಗಾಡಿಯ ದಾರಿಯ ಹಾಗೆ ತಂಗುದಾಣಗಳ ಸರಪಳಿಯಾಗಿತ್ತು.

ಕರಾಚಿಯ ಮಹತ್ವ ಎಷ್ಟಿತ್ತೆಂದರೆ ಬ್ರಿಟಿಷರು ಅಲ್ಲಿ ವಾಯುನೌಕೆಗಾಗಿ ಬೃಹತ್ತಾದ ಒಂದು ಕೊಟ್ಟಿಗೆಯನ್ನೇ ಕಟ್ಟಿಸಿದ್ದರು. ಆರ್ 101 ಎಂಬ ವಾಯುನೌಕೆ ಇಂಗ್ಲೆಂಡಿನಿಂದ ಹೊರಟು ಅಲ್ಲಿಗೆ ಬರಬೇಕಿತ್ತು. 1930ರ ಅಕ್ಟೋಬರ್ 5ರ ನಸುಕಿನಲ್ಲಿ ಅದು ಫ್ರಾನ್ಸಿನ ಬೋವೆ ಬಳಿ ಬಿದ್ದು ಉರಿಯಿತು. 48 ಜನ ಸತ್ತರು. ಬರಬೇಕಾದದ್ದು ಬರಲೇ ಇಲ್ಲ, ಕೊಟ್ಟಿಗೆ ಮಾತ್ರ ಎಷ್ಟೋ ವರ್ಷ ಹಾಗೆಯೇ ನಿಂತಿತ್ತು. ಕರಾಚಿಯ ಜನ ಅದನ್ನು ‘ಕಾಲಾ ಛಪ್ರಾ’ ಅನ್ನುತ್ತಿದ್ದರಂತೆ. ಕಪ್ಪು ಚಪ್ಪರ. ಗೆಳತಿ ಈ ಹೆಸರು ಹೇಳಿದಾಗ ನಮ್ಮಲ್ಲೂ ಚಪ್ಪರ ಅಂದರೆ ಚಪ್ಪರವೇ ಎಂದು ಹೇಳಿದೆ. ಇಬ್ಬರೂ ನಕ್ಕೆವು.

ಲಂಡನ್ನಿನ ಕಾಗದ ಸಾವಿರಾರು ಕಿಲೋಮೀಟರ್ ಹಾರಿ ಒಂದು ವಾರದಲ್ಲಿ ಕರಾಚಿಗೆ ಬಂದು ಇಳಿಯುತ್ತಿತ್ತು. ಅಲ್ಲಿಂದ ದಕ್ಷಿಣಕ್ಕೆ ಬರಬೇಕಾದ ಕಾಗದ ಮಾತ್ರ ರೈಲು ಹತ್ತಬೇಕು. ವಾಯುಮಾರ್ಗ ಉಳಿಸಿಕೊಟ್ಟ ದಿನಗಳನ್ನು ರೈಲು ಮತ್ತೆ ತಿನ್ನುತ್ತಿತ್ತು. ಈ ಕೊರತೆಯನ್ನು ಕಂಡವನು ನೆವಿಲ್ ವಿನ್ಸೆಂಟ್, ಬ್ರಿಟನ್ನಿನ ವಾಯುಪಡೆಯಲ್ಲಿದ್ದ ಪೈಲಟ್. ಅವನ ಯೋಜನೆಗೆ ಜತೆಯಾದವರು ಜೆ.ಆರ್.ಡಿ. ಟಾಟಾ, 1929ರ ಫೆಬ್ರವರಿಯಲ್ಲಿ ಭಾರತದ ಮೊದಲ ಪೈಲಟ್ ಲೈಸೆನ್ಸ್ ಪಡೆದಿದ್ದ ತರುಣ. ಸರಕಾರ ಸಹಾಯಧನ ಕೊಡಲು ಒಪ್ಪಲಿಲ್ಲ. ವರ್ಷಗಳ ಓಡಾಟದ ನಂತರ, ಸಾಗಿಸಿದ ಟಪಾಲಿನ ತೂಕಕ್ಕೆ ತಕ್ಕಂತೆ ಹಣ ಎಂಬ ಷರತ್ತಿನ ಮೇಲೆ 1932ರಲ್ಲಿ ಒಪ್ಪಂದವಾಯಿತು. ಬಂಡವಾಳ ಎರಡು ಲಕ್ಷ ರೂಪಾಯಿ, ಎರಡು ಪುಟ್ಟ ವಿಮಾನ. ಪಸ್ ಮಾತ್ ಎಂಬ ಒಂದೇ ಎಂಜಿನ್ನಿನ ಆ ವಿಮಾನದಲ್ಲಿ ಪೈಲಟ್ ಮತ್ತು ಒಂದಿಬ್ಬರು ಕೂರಬಹುದು. ಇಲ್ಲವೇ ಟಪಾಲಿನ ಚೀಲಗಳು.

*

1932ರ ಅಕ್ಟೋಬರ್ 15, ಶನಿವಾರ. ಬೆಳಿಗ್ಗೆ ಆರೂವರೆ ಸುಮಾರಿಗೆ ಜೆ.ಆರ್.ಡಿ. ಕರಾಚಿಯ ಡ್ರಿಗ್ ರೋಡ್ ನಿಲ್ದಾಣದಿಂದ ಒಬ್ಬರೇ ಹೊರಟರು. ವಿಮಾನದಲ್ಲಿದ್ದದ್ದು 55 ಪೌಂಡ್ ಟಪಾಲು, ಅಂದರೆ ಸುಮಾರು 25 ಕಿಲೋ, ನಾಲ್ಕಾಣೆಯ ಏರ್‌ಮೇಲ್ ಕಾಗದಗಳು. ವಿಮಾನದಲ್ಲಿ ರೇಡಿಯೋ ಇಲ್ಲ, ದಾರಿ ತೋರಿಸಲು ನೆಲದ ಮೇಲೆ ಯಾವ ಉಪಕರಣವೂ ಇಲ್ಲ. ಕೆಳಗೆ ಕಾಣುವ ನದಿ, ರೈಲು ಹಳಿ, ಕರಾವಳಿಯ ಗೆರೆ, ಕೈಯಲ್ಲೊಂದು ನಕಾಶೆ ಮತ್ತು ದಿಕ್ಸೂಚಿ.

ಮೊದಲ ನಿಲುಗಡೆ ಅಹಮದಾಬಾದ್. ಅಲ್ಲಿ ಇಂಧನದ ಡಬ್ಬಿಗಳು ಎತ್ತಿನ ಗಾಡಿಯಲ್ಲಿ ಬಂದವು ಎಂಬ ಸಂಗತಿಯನ್ನು ಈ ಹಾರಾಟದ ಬಗ್ಗೆ ಬರೆದ ಎಲ್ಲರೂ ಹೇಳುತ್ತಾರೆ. ಭಾರತದ ವಿಮಾನಯಾನದ ಮೊದಲ ದಿನದಲ್ಲಿಯೇ ಎತ್ತಿಗೂ ಒಂದು ಪಾಲಿತ್ತು. ಅಲ್ಲಿಂದ ಹೊರಟು ಮಧ್ಯಾಹ್ನ ಎರಡಕ್ಕೆ ಹತ್ತು ನಿಮಿಷವಿರುವಾಗ ಬೊಂಬಾಯಿಯ ಜುಹು ಬಯಲಿನಲ್ಲಿ ಇಳಿದರು. ಜುಹು ಆಗ ಸಮುದ್ರದ ಪಕ್ಕದ ಮಣ್ಣಿನ ಬಯಲು. ಮಳೆಗಾಲದಲ್ಲಿ ಅದು ಕೆಸರಾಗಿ ಕೆಲಸಕ್ಕೆ ಬಾರದೆ ವಿಮಾನಗಳು ಪೂನಾಕ್ಕೆ ವಲಸೆ ಹೋಗಬೇಕಾಗುತ್ತಿತ್ತು.

ಕರಾಚಿಯಿಂದ ಅಹಮದಾಬಾದ್ ಮೂಲಕ ಬೊಂಬಾಯಿಗೆ ಸುಮಾರು 1,030 ಕಿಲೋಮೀಟರ್. ನಡುವಿನ ನಿಲುಗಡೆಯೂ ಸೇರಿ ಏಳೂಕಾಲು ಗಂಟೆಯಷ್ಟು ಹಿಡಿದಿತ್ತು. ಈ ಏಳೂಕಾಲು ಗಂಟೆಯನ್ನು ದಯವಿಟ್ಟು ನೆನಪಿನಲ್ಲಿಡಿ.

ಜುಹುವಿನಲ್ಲಿ ಟಪಾಲನ್ನು ವಹಿಸಿಕೊಂಡವನು ವಿನ್ಸೆಂಟ್. ಅವನ ದಾರಿ ಆಗ್ನೇಯಕ್ಕೆ: ಪಶ್ಚಿಮ ಘಟ್ಟ ದಾಟಿ, ದಖ್ಖನಿನ ಬಯಲಿನ ಮೇಲೆ ಹಾದು, ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ. ಕರಾಚಿಯಿಂದ ಲೆಕ್ಕ ಹಾಕಿದರೆ ಒಟ್ಟು ಸುಮಾರು 2,080 ಕಿಲೋಮೀಟರ್. ಮಾರನೆಯ ದಿನ ಆ ಕಾಗದಗಳು ಮದ್ರಾಸಿನಲ್ಲಿದ್ದವು. ನನ್ನ ಗೆಳತಿಯ ಅಜ್ಜನ ಲಕೋಟೆಯೂ ಅವುಗಳಲ್ಲಿ ಒಂದು.

ಬಳ್ಳಾರಿಯಲ್ಲಿ ಬೆಳೆದ ನನಗೆ ಈ ಸಾಲು ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತ್ತು ಎಂದರೆ ನಗಬೇಡಿ. ಶಾಲೆಯಲ್ಲಿ ನಮಗೆ ಹೇಳಿಕೊಟ್ಟ ಚರಿತ್ರೆಯಲ್ಲಿ ಊರಿನ ಕೋಟೆ ಇತ್ತು, ಗಣಿ ಇತ್ತು, ಬಿಸಿಲಂತೂ ಇದ್ದೇ ಇತ್ತು. ಲಂಡನ್ನಿನಿಂದ ಹೊರಟ ಕಾಗದದ ದಾರಿಯಲ್ಲಿ ಬಾಗ್ದಾದ್, ಬಸ್ರಾ, ಕರಾಚಿಗಳ ಸಾಲಿನಲ್ಲಿ ನಮ್ಮೂರ ಹೆಸರೂ ಇತ್ತೆಂದು ಯಾರೂ ಹೇಳಿರಲಿಲ್ಲ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲಾ ಕೇಂದ್ರ, ದಂಡು ಬೀಡುಬಿಟ್ಟಿದ್ದ ಊರು, ಗುಂತಕಲ್ಲಿನಿಂದ ಹುಬ್ಬಳ್ಳಿಗೆ ಹೋಗುವ ರೈಲಿನ ದಾರಿಯಲ್ಲಿರುವ ಊರು. ಅದಕ್ಕಿಂತ ಮುಖ್ಯವಾಗಿ, ಬೊಂಬಾಯಿಗೂ ಮದ್ರಾಸಿಗೂ ನಡುವೆ ಒಂದು ಸಣ್ಣ ವಿಮಾನಕ್ಕೆ ಇಳಿದು ಇಂಧನ ತುಂಬಿಕೊಳ್ಳಲು ತಕ್ಕ ಜಾಗದಲ್ಲಿರುವ ಊರು: ಬೊಂಬಾಯಿಯಿಂದ 610 ಕಿಲೋಮೀಟರ್, ಮದ್ರಾಸಿಗೆ 430. ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತ ಕೋಟೆ ಗುಡ್ಡ ಮೇಲಿನಿಂದ ನೋಡುವವನಿಗೆ ಒಳ್ಳೆಯ ಗುರುತೂ ಆಗಿದ್ದೀತು.

ಈ ಭಾಗ್ಯ ಬಹಳ ಕಾಲ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಮಾರ್ಗ ಬದಲಾಗಿ ಬಳ್ಳಾರಿಯ ಬದಲು ಹೈದರಾಬಾದ್ ಬಂತು. ನಿಜಾಮನ ರಾಜಧಾನಿ, ದೊಡ್ಡ ಊರು, ಹೆಚ್ಚು ಕಾಗದ, ಹೆಚ್ಚು ಪ್ರಯಾಣಿಕರು. 1938ರ ಹೊತ್ತಿಗೆ ಅದೇ ಮಾರ್ಗ ತಿರುಚಿನಾಪಳ್ಳಿ ಮೂಲಕ ಕೊಲಂಬೋವರೆಗೂ ಬೆಳೆಯಿತು. ವಿನ್ಸೆಂಟ್ 1942ರಲ್ಲಿ ಯುದ್ಧಕಾಲದ ಹಾರಾಟವೊಂದರಲ್ಲಿ ತೀರಿಕೊಂಡ. ಬಳ್ಳಾರಿ 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಈಗ ಜಿಲ್ಲೆಯವರು ವಿಮಾನ ಹತ್ತಬೇಕೆಂದರೆ ತೋರಣಗಲ್ಲಿನ ವಿದ್ಯಾನಗರಕ್ಕೆ ಹೋಗಬೇಕು.

ವಿಮಾನಯಾನದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಂದ ಮುಂದೆ ಮೇಲಕ್ಕೇ ಏರುತ್ತಾರೆ. ಇನ್ನೂ ದೊಡ್ಡ ವಿಮಾನ, ಇನ್ನೂ ಹೆಚ್ಚು ವೇಗ. 1946ರಲ್ಲಿ ಟಾಟಾ ಏರ್‌ಲೈನ್ಸ್ ಏರ್ ಇಂಡಿಯಾ ಆಯಿತು. 1948ರ ಜೂನ್ 8ರಂದು ಬೊಂಬಾಯಿಯಿಂದ ಕೈರೋ, ಜಿನೀವಾ ಮೂಲಕ ಲಂಡನ್ನಿಗೆ ‘ಮಲಬಾರ್ ಪ್ರಿನ್ಸೆಸ್’ ಹಾರಿತು. 1953ರಲ್ಲಿ ರಾಷ್ಟ್ರೀಕರಣ, 2022ರ ಜನವರಿಯಲ್ಲಿ ಮತ್ತೆ ಟಾಟಾ ಸಂಸ್ಥೆಯ ಕೈಗೆ. ಇದೆಲ್ಲ ನಿಜ. ನಾನೂ ನನ್ನ ಅಧ್ಯಾಯವನ್ನು ಮೊದಲು ಹೀಗೆಯೇ ಬರೆದಿದ್ದೆ: ವೇಗ ಹೆಚ್ಚಿತು, ದೂರ ಕುಗ್ಗಿತು. ನನ್ನ ಗೈಡ್ ಆ ವಾಕ್ಯದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಯಾರಿಗೆ, ಎಲ್ಲಿಂದ ಎಲ್ಲಿಗೆ, ಎಂದು ಬರೆದರು.

*

ಉತ್ತರ ಹುಡುಕಲು ಮತ್ತೆ 1932ರ ಅಕ್ಟೋಬರಿಗೇ ಹೋಗಬೇಕಾಯಿತು. ಜೆ.ಆರ್.ಡಿ. ಕರಾಚಿಯಲ್ಲಿ ಎತ್ತಿಕೊಂಡ ಟಪಾಲು ಅಲ್ಲಿಗೆ ಬಂದದ್ದು ಯಾವ ದಾರಿಯಲ್ಲಿ? ಮೊದಲ ಮೂರು ವರ್ಷ ಇಂಪೀರಿಯಲ್ ಏರ್‌ವೇಸಿನ ವಿಮಾನಗಳು ಪರ್ಷಿಯಾದ ಕರಾವಳಿಯಲ್ಲಿ ಇಳಿಯುತ್ತಿದ್ದವು ಎಂದೆನಲ್ಲ. ಆ ಅನುಮತಿಯನ್ನು ಪರ್ಷಿಯಾದ ಸರಕಾರ ಮುಂದುವರಿಸಲಿಲ್ಲ. ಹೀಗಾಗಿ ಸರಿಯಾಗಿ 1932ರ ಅಕ್ಟೋಬರಿನಲ್ಲಿ ಇಡೀ ಮಾರ್ಗ ಕೊಲ್ಲಿಯ ಆಚೆ ದಡದಿಂದ ಈಚೆ ದಡಕ್ಕೆ, ಅರಬ್ಬರ ಕಡೆಗೆ ಸರಿಯಿತು: ಕುವೈತ್, ಬಹ್ರೇನ್, ಶಾರ್ಜಾ. ಶಾರ್ಜಾದ ಶೇಖ್ ಸುಲ್ತಾನ್ ಬಿನ್ ಸಕ್ರ್ ಅದೇ ವರ್ಷ ತನ್ನ ನೆಲದಲ್ಲಿ ವಿಮಾನ ಇಳಿಯಲು ಒಪ್ಪಿಗೆ ಕೊಟ್ಟಿದ್ದ. ಮರಳ ಬಯಲಿನಲ್ಲಿ ಒಂದು ಇಳಿದಾಣ, ಪ್ರಯಾಣಿಕರು ರಾತ್ರಿ ತಂಗಲು ಕೋಟೆಯಂಥ ಒಂದು ಕಟ್ಟಡ. ಅದು ಈಗ ವಸ್ತುಸಂಗ್ರಹಾಲಯ.

ಅಂದರೆ ಆರಂಭದಿಂದಲೂ ಆಕಾಶದ ದಾರಿಯನ್ನು ಎಂಜಿನ್ ಒಂದೇ ನಿರ್ಧರಿಸಿದ್ದಲ್ಲ. ಬಾಸೆಲ್‌ನಿಂದ ಜಿನೋವಾಗೆ ರೈಲು ಹಿಡಿಯಬೇಕಾದದ್ದಕ್ಕೆ ನಡುವೆ ಆಲ್ಪ್ಸ್ ಪರ್ವತಗಳಿದ್ದದ್ದು ಎಷ್ಟು ಕಾರಣವೋ, ಹೊರಗಿನ ವಿಮಾನಗಳನ್ನು ಬಿಟ್ಟುಕೊಳ್ಳುವುದರಲ್ಲಿ ಇಟಲಿ ಹಿಡಿದ ಬಿಗಿಯೂ ಅಷ್ಟೇ ಕಾರಣ. 1919ರ ಪ್ಯಾರಿಸ್ ಒಪ್ಪಂದ, ಆಮೇಲೆ 1944ರ ಶಿಕಾಗೋ ಒಪ್ಪಂದ, ಎರಡೂ ಒಂದೇ ಮಾತನ್ನು ಮೊದಲ ಕಲಮಿನಲ್ಲಿಯೇ ಹೇಳುತ್ತವೆ: ತನ್ನ ನೆಲದ ಮೇಲಿನ ಆಕಾಶದ ಮೇಲೆ ಪ್ರತಿ ದೇಶಕ್ಕೂ ಪೂರ್ಣ ಅಧಿಕಾರ. ಹಕ್ಕಿಗೆ ಬೇಲಿಯಿಲ್ಲ ಎಂಬುದು ಹಕ್ಕಿಗೆ ಮಾತ್ರ ಸಲ್ಲುವ ಮಾತು. ವಿಮಾನಕ್ಕೆ ಬೇಲಿಯಿದೆ, ಅದು ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

1932ರಲ್ಲಿ ಕರಾಚಿ ಮತ್ತು ಮದ್ರಾಸಿನ ನಡುವೆ ಆ ಬೇಲಿ ಇರಲಿಲ್ಲ. ಎರಡೂ ಒಂದೇ ಸಾಮ್ರಾಜ್ಯದ ಹಿಡಿತದಲ್ಲಿದ್ದವು. ಅದೇನೂ ಹೆಮ್ಮೆಪಡುವ ಸಂಗತಿಯಲ್ಲ. 1947ರಲ್ಲಿ ಸ್ವಾತಂತ್ರ್ಯ ಬಂತು, ಜತೆಗೆ ಬೇಲಿಯೂ ಬಂತು. ಆದರೂ ಮೊದಮೊದಲು ಅದರಲ್ಲಿ ಬಾಗಿಲಿತ್ತು. ಕರಾಚಿ–ಬೊಂಬಾಯಿ ನಡುವೆ ವಿಮಾನಗಳು ಓಡಾಡುತ್ತಿದ್ದವು. 1962ರ ಅಕ್ಟೋಬರ್ 15ರಂದು, ಮೊದಲ ಹಾರಾಟಕ್ಕೆ ಮೂವತ್ತು ವರ್ಷ ತುಂಬಿದ ದಿನ, ಜೆ.ಆರ್.ಡಿ. ಅದೇ ಕಾಲದ ಲೆಪರ್ಡ್ ಮಾತ್ ಎಂಬ ಹಳೆಯ ವಿಮಾನದಲ್ಲಿ ಕರಾಚಿಯಿಂದ ಬೊಂಬಾಯಿಗೆ ಮತ್ತೆ ಹಾರಿ ಬಂದರು.

1965ರ ಯುದ್ಧದಲ್ಲಿ ಬಾಗಿಲು ಮುಚ್ಚಿತು. 1971ರ ಜನವರಿ ಕೊನೆಯಲ್ಲಿ ‘ಗಂಗಾ’ ಎಂಬ ಭಾರತೀಯ ವಿಮಾನವನ್ನು ಅಪಹರಿಸಿ ಲಾಹೋರಿಗೆ ಒಯ್ದು ಸುಟ್ಟುಹಾಕಿದ ಮೇಲೆ, ಭಾರತ ತನ್ನ ಆಕಾಶದಲ್ಲಿ ಪಾಕಿಸ್ತಾನದ ವಿಮಾನಗಳನ್ನು ನಿಷೇಧಿಸಿತು. ಆಗ ಕರಾಚಿಯಿಂದ ಢಾಕಾಕ್ಕೆ, ಅಂದರೆ ಒಂದೇ ದೇಶದ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ, ವಿಮಾನಗಳು ಶ್ರೀಲಂಕಾವನ್ನು ಸುತ್ತಿಕೊಂಡು ಹೋಗಬೇಕಾಯಿತು. ದಾರ ಎಳೆದರೆ 2,400 ಕಿಲೋಮೀಟರಿಗೂ ಕಡಿಮೆ ಇರುವ ದೂರ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಆ ವರ್ಷ ಮುಗಿಯುವ ಹೊತ್ತಿಗೆ ಅದು ಒಂದೇ ದೇಶವಾಗಿಯೂ ಉಳಿಯಲಿಲ್ಲ.

1976ರಲ್ಲಿ ಬಾಗಿಲು ಮತ್ತೆ ತೆರೆಯಿತು. 1982ರಲ್ಲಿ, ಐವತ್ತನೆಯ ವರ್ಷಕ್ಕೆ, ಎಪ್ಪತ್ತೆಂಟು ವಯಸ್ಸಿನ ಜೆ.ಆರ್.ಡಿ. ಮೂರನೆಯ ಸಲ ಅದೇ ದಾರಿಯಲ್ಲಿ ಹಾರಿದರು. ಕರಾಚಿ, ಅಹಮದಾಬಾದ್, ಬೊಂಬಾಯಿ. ಎರಡು ಯುದ್ಧಗಳ ನಂತರವೂ ಒಬ್ಬ ಮುದುಕ ಪುಟ್ಟ ವಿಮಾನವೊಂದನ್ನು ಗಡಿಯ ಮೇಲೆ ಹಾರಿಸಿಕೊಂಡು ಬರಬಹುದಿತ್ತು. ಮುಂದೆ ಸಂಸತ್ ಭವನದ ಮೇಲಿನ ದಾಳಿಯ ಬೆನ್ನಲ್ಲಿ 2002ರ ಆರಂಭದಿಂದ ಎರಡು ವರ್ಷ ಮುಚ್ಚಿತ್ತು. 2019ರ ಫೆಬ್ರವರಿಯಿಂದ ಜುಲೈವರೆಗೆ ಮತ್ತೊಮ್ಮೆ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರ ಕೊಲೆಯಾಯಿತು. 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು; 30ರಂದು ಭಾರತ ತನ್ನದನ್ನು ಅವರಿಗೆ ಮುಚ್ಚಿತು. ಆಮೇಲೆ ಆ ಆದೇಶ ತಿಂಗಳಿನಿಂದ ತಿಂಗಳಿಗೆ ಮುಂದುವರಿಯುತ್ತ ಬಂತು. ದೆಹಲಿಯಿಂದ ಯುರೋಪಿಗೆ ಹೊರಟ ವಿಮಾನಗಳು ದಕ್ಷಿಣಕ್ಕೆ ಇಳಿದು ಅರಬ್ಬಿ ಸಮುದ್ರದ ಮೇಲೆ ಬಳಸಿ ಹೋಗತೊಡಗಿದವು. ವಿಮಾನದಲ್ಲಿ ಕೂತವರು ಎದುರಿನ ಪರದೆಯ ನಕಾಶೆಯಲ್ಲಿ ಆ ಬಾಗಿದ ಗೆರೆಯನ್ನು ನೋಡಿರಬಹುದು. ಕಾಣದ ಬೇಲಿ ಕಾಣುವುದು ಅಲ್ಲಿಯೇ.

*

ಈಗ ಲೆಕ್ಕಕ್ಕೆ ಬರೋಣ. ನೀವು ಇವತ್ತು ಕರಾಚಿಯಿಂದ ಮುಂಬಯಿಗೆ ಬರಬೇಕೆಂದುಕೊಳ್ಳಿ. ವೀಸಾದ ಮಾತು ಬೇಡ, ಅದು ಸಿಕ್ಕಿದೆ ಎಂದೇ ಇಟ್ಟುಕೊಳ್ಳೋಣ. ದಾರದ ದೂರ 870 ಕಿಲೋಮೀಟರ್. ನೇರ ವಿಮಾನವಿಲ್ಲ. ಸಾಮಾನ್ಯವಾಗಿ ದುಬೈ ಮೂಲಕ ಬರಬೇಕು. ಕರಾಚಿಯಿಂದ ದುಬೈಗೆ ಸುಮಾರು 1,190 ಕಿಲೋಮೀಟರ್, ಪೂರ್ವಕ್ಕೆ ಹೊರಟವರು ಮೊದಲು ಪಶ್ಚಿಮಕ್ಕೆ ಹೋಗಬೇಕು, ಎರಡು ಗಂಟೆ. ದುಬೈನಿಂದ ಮುಂಬಯಿಗೆ 1,930 ಕಿಲೋಮೀಟರ್, ಮೂರು ಗಂಟೆ. ನಡುವೆ ವಿಮಾನ ಬದಲಿಸಲು ಕನಿಷ್ಠ ಎರಡು ಗಂಟೆಯಾದರೂ ಬೇಕು. ಎಲ್ಲ ಸರಿಯಾಗಿ ಹೊಂದಿಕೊಂಡರೆ ಒಟ್ಟು ಏಳು ಗಂಟೆ.

ಏಳೂಕಾಲು ಗಂಟೆಯನ್ನು ನೆನಪಿನಲ್ಲಿಡಿ ಎಂದಿದ್ದೆ. ಒಂದೇ ಎಂಜಿನ್ನು, ರೇಡಿಯೋ ಇಲ್ಲ, ಇಂಧನ ಎತ್ತಿನ ಗಾಡಿಯಲ್ಲಿ. ಆ ಪಸ್ ಮಾತ್ 1932ರಲ್ಲಿ ತೆಗೆದುಕೊಂಡ ಸಮಯವನ್ನೇ ಇವತ್ತು ಗಂಟೆಗೆ ಎಂಟುನೂರು ಕಿಲೋಮೀಟರಿಗೂ ಹೆಚ್ಚು ವೇಗದ ಜೆಟ್ ವಿಮಾನಗಳು ತೆಗೆದುಕೊಳ್ಳುತ್ತವೆ. ತೊಂಬತ್ತು ವರ್ಷಗಳಲ್ಲಿ ಎಂಜಿನ್ನು ಗಳಿಸಿದ್ದನ್ನೆಲ್ಲ ಬೇಲಿ ತಿಂದುಹಾಕಿದೆ. ಕರಾಚಿಯಿಂದ ಚೆನ್ನೈಗಾದರೆ ದುಬೈ ಮೂಲಕ 4,100 ಕಿಲೋಮೀಟರಿಗೂ ಹೆಚ್ಚು. ಬಳ್ಳಾರಿ ಮಾರ್ಗದ 2,080ರ ಸರಿಸುಮಾರು ಎರಡರಷ್ಟು.

ಇನ್ನೊಂದು ಸಂಗತಿಯೂ ಇಲ್ಲಿದೆ. ಇಂದು ಕರಾಚಿಯವರೂ ನಾವೂ ಮಧ್ಯದಲ್ಲಿ ಇಳಿದು ಭೇಟಿಯಾಗಬಹುದಾದ ದುಬೈ, 1932ರಲ್ಲಿ ಪರ್ಷಿಯಾ ಬಾಗಿಲು ಮುಚ್ಚಿದ್ದಕ್ಕೆ ಇಳಿದಾಣವಾದ ಆ ಶಾರ್ಜಾದ ಮಗ್ಗುಲಲ್ಲಿಯೇ ಇದೆ. ಒಬ್ಬರು ಬಾಗಿಲು ಹಾಕಿಕೊಂಡಾಗ ಇನ್ನೊಬ್ಬರ ಅಂಗಳದಲ್ಲಿ ಸಂತೆ ಸೇರುತ್ತದೆ. ಕರಾಚಿ ಹಿಂದೊಮ್ಮೆ ಅಂಥ ಅಂಗಳವಾಗಿತ್ತು. ಯುರೋಪಿನಿಂದ ಪೂರ್ವಕ್ಕೆ ಹೋಗುವವರೆಲ್ಲ ಇಳಿಯುತ್ತಿದ್ದ ಊರು. ಸಣ್ಣ ಪ್ರಮಾಣದಲ್ಲಿ, ಕೆಲವು ಕಾಲ, ಬಳ್ಳಾರಿಯೂ. ಬಳ್ಳಾರಿಯ ಸ್ಥಾನ ಹೋದದ್ದು ಹೈದರಾಬಾದಿನ ವ್ಯಾಪಾರದಿಂದ, ವಿಮಾನಗಳ ಶಕ್ತಿ ಹೆಚ್ಚಿದ್ದರಿಂದ. ಅದಕ್ಕೆ ಯಾರೂ ಅಳಬೇಕಿಲ್ಲ. ಆದರೆ ಕರಾಚಿ–ಮದ್ರಾಸ್ ದಾರಿ ಹೋದದ್ದು ಹಾಗಲ್ಲ. ಈ ಎರಡು ಬಗೆಯ ನಷ್ಟಗಳ ನಡುವೆ ಇರುವ ವ್ಯತ್ಯಾಸವನ್ನು ಹೇಳುವುದೇ ಈಗ ನನ್ನ ಅಧ್ಯಾಯದ ಕೆಲಸವಾಗಿದೆ.

*

ಲಕೋಟೆಯ ಮಾತು ಉಳಿಯಿತು. ಗೆಳತಿ ಒಂದು ಆಸೆ ಹೇಳಿಕೊಂಡಿದ್ದಳು. ಅಜ್ಜನ ಲಕೋಟೆ ಕರಾಚಿಯಿಂದ ಈ ಕಡೆ ಬಂದದ್ದು. ಅದರ ಪಕ್ಕದಲ್ಲಿಡಲು ಆ ಕಡೆಗೆ ಹೋಗುವ ಒಂದು ಲಕೋಟೆ ಬೇಕು, ಬಳ್ಳಾರಿಯ ಅಂಚೆ ಮುದ್ರೆಯಿರುವುದು, ಏರ್‌ಮೇಲಿನಲ್ಲಿ ಬಂದದ್ದು. ನಾನು ಕೋಟೆ ಗುಡ್ಡದ ಒಂದು ಚಿತ್ರವನ್ನು ಪ್ರಿಂಟ್ ಹಾಕಿಸಿ, ಹಿಂದೆ ನಾಲ್ಕು ಸಾಲು ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿದ್ದೆ. ಅಷ್ಟರಲ್ಲಿ ಏಪ್ರಿಲ್ ಬಂತು. ಮೇ 3ರಂದು ಭಾರತ ಸರಕಾರ ಪಾಕಿಸ್ತಾನದಿಂದ ವಾಯುಮಾರ್ಗ ಮತ್ತು ಭೂಮಾರ್ಗವಾಗಿ ಬರುವ ಎಲ್ಲ ಬಗೆಯ ಟಪಾಲು ಮತ್ತು ಪಾರ್ಸೆಲ್ ವಿನಿಮಯವನ್ನು ನಿಲ್ಲಿಸಿತು. ಆಮೇಲಿನ ದಿನಗಳು ಏನೆಂದು ಎಲ್ಲರಿಗೂ ಗೊತ್ತಿದೆ. ಆ ನಾಲ್ಕು ದಿನ ನಾವಿಬ್ಬರೂ ಒಬ್ಬರಿಗೊಬ್ಬರು ಕಳಿಸಿಕೊಂಡದ್ದು ಒಂದೇ ಮಾತು: ಮನೆಯವರೆಲ್ಲ ಕ್ಷೇಮವೇ?

ಜೂನಿನಲ್ಲಿ ಊರಿಗೆ ಹೋದಾಗ, ಗೊತ್ತಿದ್ದೂ ಗೊತ್ತಿದ್ದೂ, ಲಕೋಟೆ ಹಿಡಿದುಕೊಂಡು ಅಂಚೆ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದ ಹಿರಿಯರು ವಿಳಾಸ ಓದಿ, ಕನ್ನಡಕ ತೆಗೆದು, ನನ್ನ ಮುಖ ನೋಡಿದರು.

“ಪಾಕಿಸ್ತಾನಕ್ಕ ಈಗ ಟಪಾಲು ಹೋಗಂಗಿಲ್ಲಮ್ಮ.”

“ಯಾವಾಗ ಚಾಲೂ ಆಗ್ತದ್ರಿ?”

“ಅದು ನಮಗ್ಯಾಕ ಹೇಳ್ತಾರಮ್ಮ?” ಅಂದವರು ಲಕೋಟೆಯನ್ನು ಎರಡೂ ಕೈಯಿಂದ ವಾಪಸು ಕೊಟ್ಟರು. ಒಂದು ಕ್ಷಣ ಬಿಟ್ಟು, “ಯಾರದಾರ ಅಲ್ಲಿ, ನಿಮ್ಮೋರು?” ಎಂದು ಕೇಳಿದರು. ಗೆಳತಿ ಎಂದೆ. ಮತ್ತೇನೂ ಕೇಳಲಿಲ್ಲ.

ಒಳಗಿನ ಚಿತ್ರವನ್ನು ಫೋನಿನಲ್ಲಿ ಅವಳಿಗೆ ಎಂದೋ ಕಳಿಸಿಯಾಗಿತ್ತು. ಅದು ಹೋಗಲು ಒಂದು ಸೆಕೆಂಡೂ ಹಿಡಿಯಲಿಲ್ಲ. ಹಾಗಿರುವಾಗ ಕಾಗದದ ಲಕೋಟೆಗಾಗಿ ಇಷ್ಟೇಕೆ ಎಂದು ನೀವು ಕೇಳಬಹುದು, ನಾನೂ ಕೇಳಿಕೊಂಡಿದ್ದೇನೆ. ಚಿತ್ರ ಹೋಗುತ್ತದೆ, ಮಾತು ಹೋಗುತ್ತದೆ. ಕೈಯಿಂದ ಕೈಗೆ ದಾಟುವ ವಸ್ತು ಹೋಗುವುದಿಲ್ಲ, ಮನುಷ್ಯರು ಹೋಗುವುದಿಲ್ಲ. ಅವಳ ಊರಿನ ಪತ್ರಾಗಾರದಲ್ಲಿ ನನಗೆ ಬೇಕಾದ ಕಡತಗಳಿರಬಹುದು, ಚೆನ್ನೈಯ ಪತ್ರಾಗಾರದಲ್ಲಿ ಅವಳಿಗೆ ಬೇಕಾದವು. ಒಂದೇ ದಾರಿಯ ಚರಿತ್ರೆಯನ್ನು ಇಬ್ಬರೂ ಅರ್ಧರ್ಧ ಓದಿಕೊಂಡು ಬರೆಯುತ್ತಿದ್ದೇವೆ.

ನಮ್ಮೂರು ನಿಮ್ಮೂರಿನಿಂದ ಎಷ್ಟು ದೂರ ಎಂಬ ಪ್ರಶ್ನೆಗೆ ಕೊನೆಗೂ ಅವಳಿಗೆ ಬರೆದೆ: ದಾರ ಎಳೆದರೆ 1,480 ಕಿಲೋಮೀಟರ್, 1932ರಲ್ಲಿ ಎರಡು ದಿನದೊಳಗಿನ ದಾರಿ, ಈಗಿನದು ಯಾವ ಲೆಕ್ಕಕ್ಕೂ ಸಿಗುತ್ತಿಲ್ಲ. ಅವಳು, ಲಕೋಟೆ ಎಸೆಯಬೇಡ, ಅದರ ಮೇಲೆ ಹೊರಟ ತಾರೀಖು ಬರೆದಿಡು, ತಲುಪಿದ ತಾರೀಖನ್ನು ನಾನು ಬರೆದುಕೊಳ್ಳುತ್ತೇನೆ ಎಂದಳು.

ಬರೆದಿಟ್ಟಿದ್ದೇನೆ. ಲಕೋಟೆ ನನ್ನ ಮೇಜಿನ ಮೇಲಿದೆ. ಹೊರಟಿದೆ, ಇನ್ನೂ ದಾರಿಯಲ್ಲಿದೆ.